ಚಿನ್ನದ ನಾಲ್ಕಾಣೆ

ನನ್ನ ಹತ್ತಿರ ಒಂದು ನಾಲ್ಕಾಣೆ ಇದೆ. ಚಿನ್ನದ್ದು. ಎಂಟು ಮೂಲೆಯದು. ಅಂಗೈ ಮೇಲೆ ಇಟ್ಟುಕೊಂಡರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅಡ್ಡಗಲ ಒಂದು ಸೆಂಟಿಮೀಟರ್ ಆಸುಪಾಸು, ತೂಕ ಕಾಲು ಗ್ರಾಂ. ನಮ್ಮೂರ ಅಕ್ಕಸಾಲಿಗರ ಲೆಕ್ಕದಲ್ಲಿ ಎರಡು ಗುಲಗಂಜಿ. ಒಂದು ಬದಿಯಲ್ಲಿ ಹೆಣ್ಣಿನ ತಲೆ, ಅಮೆರಿಕದವರು ಲಿಬರ್ಟಿ ಅನ್ನುತ್ತಾರಲ್ಲ, ಅವಳದ್ದು. ಇನ್ನೊಂದು ಬದಿಯಲ್ಲಿ ಎಲೆಗಳ ಹಾರ, ಅದರೊಳಗೆ ಕಾಲು ಡಾಲರ್ ಅನ್ನುವ ಬರಹ, ಜೊತೆಗೆ 1856. ಇಷ್ಟು ಓದಲು ಭೂತಗನ್ನಡಿ ಬೇಕೇ ಬೇಕು. ಇದನ್ನು ಹೊರಡಿಸಿದ್ದು ಅಮೆರಿಕದ ಸರ್ಕಾರವಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಡವೆ ಕೆಲಸ ಮಾಡಿಕೊಂಡಿದ್ದ ಯಾರೋ ಒಬ್ಬರು ಅಚ್ಚು ಹಾಕಿದ್ದು. ಸಂಗ್ರಹ ಮಾಡುವವರ ಬಾಯಲ್ಲಿ ಇದು 'ಕ್ಯಾಲ್ ಫ್ರ್ಯಾಕ್', ಕ್ಯಾಲಿಫೋರ್ನಿಯಾದ ಚೂರು ಚಿನ್ನ. ನಮ್ಮ ಮನೆಯಲ್ಲಿ ಮಾತ್ರ ನಾಲ್ಕಾಣೆ. ಆ ಹೆಸರಿಟ್ಟವರು ಅಪ್ಪ.

ಅಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಎರಡು ವರ್ಷದ ಹಿಂದೆ ಅರಸೀಕೆರೆಯಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು ಐದು ತಿಂಗಳು ನಮ್ಮ ಜೊತೆ ಇದ್ದರು. ಒಂದು ಭಾನುವಾರ ಬೆಳಗ್ಗೆ ಕಾಫಿ ಆದ ಮೇಲೆ ನನ್ನ ಡಬ್ಬಿ ತೆಗೆದು ತೋರಿಸಿದೆ. ಅಷ್ಟು ಹೊತ್ತಿಗೆ ನನ್ನಲ್ಲಿ ಇಂಥವು ಏಳು ಇದ್ದವು. ಅಪ್ಪ ಭೂತಗನ್ನಡಿ ಹಿಡಿದು ನೋಡಿದರು. ಚಂದ ಇದೆ, ಹಳೆಯದು, ಅಪರೂಪ, ಇಂಥ ಮಾತು ಒಂದೂ ಬರಲಿಲ್ಲ. ಬಂದದ್ದು ಒಂದೇ ಪ್ರಶ್ನೆ.

"ಇದ್ರಲ್ಲಿ ಕಾಲು ಡಾಲರ್ ಬಾಳೋವಷ್ಟು ಚಿನ್ನ ಇದ್ಯೇನೋ?"

"ಇಲ್ಲ ಅಪ್ಪ. ಆಗಿನ ಲೆಕ್ಕಕ್ಕೆ ಹದಿನೈದು ಸೆಂಟ್ ಬಾಳಬಹುದು ಅಷ್ಟೇ."

"ಅದು ಗೊತ್ತಿದ್ದೂ ಜನ ತಗೋತಿದ್ರಾ?"

"ತಗೋತಿದ್ರು. ಅದೇ ಆಶ್ಚರ್ಯ. ಒಂಥರಾ ಮೋಸಾನೇ ಅಲ್ವಾ?"

ಅಪ್ಪ ನಾಣ್ಯವನ್ನು ಡಬ್ಬಿಗೆ ವಾಪಸ್ ಹಾಕಿದರು. "ಮೋಸ ಯಾಕಾಗುತ್ತೆ? ಕಮಿಷನ್ನು ಕಣೋ ಅದು," ಅಂದರು. ಅಷ್ಟು ಹೇಳಿ ಪೇಪರ್ ಓದಲು ಕೂತರು.

ಎರಡು ವರ್ಷವಾಯಿತು. ಆ ಮಾತು ಒಪ್ಪಿಕೊಳ್ಳಲೂ ಆಗದೆ, ಬಿಡಲೂ ಆಗದೆ ಒದ್ದಾಡುತ್ತಿದ್ದೇನೆ.

ಚಿನ್ನ ಬೇಕಾದಷ್ಟು, ಚಿಲ್ಲರೆ ಇಲ್ಲ

1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೊಲೊಮಾದಲ್ಲಿ ಚಿನ್ನ ಸಿಕ್ಕಿತು, ಮರುವರ್ಷ ಲೋಕವೆಲ್ಲ ಅಲ್ಲಿಗೆ ಓಡಿತು, ಇದೆಲ್ಲ ನಿಮಗೆ ಗೊತ್ತಿರುವುದೇ. (ಚಿನ್ನದ ಗಣಿ ಅಂದ ಕೂಡಲೇ ನಮಗೆ ಕೆಜಿಎಫ್ ನೆನಪಾಗುತ್ತದೆ. ಆ ಚಿತ್ರ ಇಲ್ಲಿಗೆ ಹೊಂದುವುದಿಲ್ಲ. ಕೋಲಾರದಲ್ಲಿ ಬಂಡೆ ಕೊರೆದು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಇಲ್ಲಿ ಮೊದಮೊದಲು ಹಳ್ಳದ ಮರಳನ್ನು ಬಾಣಲೆಯಲ್ಲಿ ತೊಳೆದರೆ ಸಾಕಿತ್ತು. ಗದಗದ ಕಡೆ ಕಪ್ಪತಗುಡ್ಡದ ಹಳ್ಳಗಳಲ್ಲಿ ನಮ್ಮ ಜಲಗಾರರು ಮಾಡುತ್ತಿದ್ದದ್ದೂ ಇದೇ ಕೆಲಸ.) ನನಗೆ ಕುತೂಹಲ ಇರುವುದು ಆಮೇಲಿನದ್ದರಲ್ಲಿ. ಚಿನ್ನ ಸಿಕ್ಕಿತು ಸರಿ. ಸಂಜೆ ಹಸಿವಾಯಿತು. ಬ್ರೆಡ್ಡು ಕೊಳ್ಳಬೇಕು. ಏನು ಕೊಡುತ್ತೀರಿ?

ಚಿನ್ನದ ಪುಡಿ ಕೊಡುತ್ತೀರಿ. ಕ್ಯಾಲಿಫೋರ್ನಿಯಾದಲ್ಲಿ ಆಗ ಟಂಕಸಾಲೆ ಇರಲಿಲ್ಲ. ಪೂರ್ವದ ಕಡೆಯಿಂದ ನಾಣ್ಯ ಬರಬೇಕೆಂದರೆ ತಿಂಗಳುಗಟ್ಟಲೆ ಹಡಗಿನ ದಾರಿ. ಹಾಗಾಗಿ ಸೊಂಟಕ್ಕೆ ಚರ್ಮದ ಚೀಲ ಕಟ್ಟಿಕೊಂಡು, ಅದರೊಳಗಿನ ಪುಡಿಯಲ್ಲೇ ವ್ಯಾಪಾರ. ಔನ್ಸಿಗೆ 16 ಡಾಲರ್ ಅನ್ನುವುದು ಊರಿನವರು ಒಪ್ಪಿಕೊಂಡ ದರ. ಸಣ್ಣ ಖರೀದಿಗೆ ತಕ್ಕಡಿ ತೆಗೆಯುವಷ್ಟು ಪುರುಸೊತ್ತು ಯಾರಿಗಿದೆ? ಹೆಬ್ಬೆರಳು ತೋರುಬೆರಳಿನ ಮಧ್ಯೆ ಎಷ್ಟು ಹಿಡಿಯಿತೋ ಅದು ಒಂದು ಚಿಟಿಕೆ. ಒಂದು ಚಿಟಿಕೆ ಅಂದರೆ ಒಂದು ಡಾಲರ್. ಚಿಟಿಕೆ ಹಾಕುವವನು ಗ್ರಾಹಕನಲ್ಲ, ಅಂಗಡಿಯವನು. ಹೆಂಡದಂಗಡಿಗಳಲ್ಲಿ ಕೆಲಸಕ್ಕೆ ದಪ್ಪ ಹೆಬ್ಬೆರಳಿನವರನ್ನೇ ನೋಡಿ ಇಟ್ಟುಕೊಳ್ಳುತ್ತಿದ್ದರು ಅನ್ನುವ ಕಥೆ ಇಂದಿಗೂ ಓಡಾಡುತ್ತದೆ. ಗ್ರಾಹಕರೇನೂ ಕಮ್ಮಿ ಇರಲಿಲ್ಲ. ಪುಡಿಗೆ ಹಿತ್ತಾಳೆಯ ಅರದ ಪುಡಿ ಬೆರೆಸುವವರು ಇದ್ದರು.

ನಾಣ್ಯ ಇದ್ದರೆ ಅದು ಯಾವ ದೇಶದ್ದಾದರೂ ಆದೀತು. ಸ್ಪೇನಿನ ರಿಯಾಲ್, ಫ್ರಾನ್ಸಿನ ಐದು ಫ್ರಾಂಕು, ಇಂಗ್ಲೆಂಡಿನ ಶಿಲ್ಲಿಂಗು ಎಲ್ಲವೂ ಓಡುತ್ತಿದ್ದವು. ಇದರಲ್ಲಿ ನಮ್ಮ ರೂಪಾಯಿಯೂ ಇತ್ತು! ಈಸ್ಟ್ ಇಂಡಿಯಾ ಕಂಪನಿಯ ಬೆಳ್ಳಿ ರೂಪಾಯಿ ಸ್ಯಾನ್ ಫ್ರಾನ್ಸಿಸ್ಕೋದ ಗಲ್ಲೆಯಲ್ಲಿ ಅರ್ಧ ಡಾಲರ್ ಅಂತ ಓಡುತ್ತಿತ್ತು. ಕೂತು ಲೆಕ್ಕ ಹಾಕಿದೆ. ಕಂಪನಿ ರೂಪಾಯಿಯಲ್ಲಿ ಶುದ್ಧ ಬೆಳ್ಳಿ 10.7 ಗ್ರಾಂ. ಆಗಿನ ಅಮೆರಿಕದ ಅರ್ಧ ಡಾಲರಿನಲ್ಲಿ 12 ಗ್ರಾಂ. ಅಂದರೆ ರೂಪಾಯಿಯ ನಿಜವಾದ ಬೆಲೆ 44-45 ಸೆಂಟ್. ಐದು ಫ್ರಾಂಕಿನದ್ದೂ ಇದೇ ಕಥೆ, 93 ಸೆಂಟಿನ ಬೆಳ್ಳಿ ಒಂದು ಡಾಲರ್ ಆಗಿ ಓಡುತ್ತಿತ್ತು. ನೋಡಿ, ಅಲ್ಲೂ ಕೊರತೆ. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ.

ದೊಡ್ಡ ನಾಣ್ಯದ ಸಮಸ್ಯೆ ಬೇಗ ಬಗೆಹರಿಯಿತು. ಅಮೆರಿಕದ ಸಂವಿಧಾನ ರಾಜ್ಯಗಳು ನಾಣ್ಯ ಹೊರಡಿಸಬಾರದು ಅಂತ ಹೇಳಿತ್ತು. ಖಾಸಗಿ ಜನ ಹೊರಡಿಸಬಾರದು ಅಂತ ಹೇಳಿರಲಿಲ್ಲ. ಆ ಸಂದಿಯಲ್ಲಿ 1849ರಿಂದಲೇ ಖಾಸಗಿ ಕಂಪನಿಗಳು ಐದು, ಹತ್ತು ಡಾಲರಿನ ಚಿನ್ನದ ನಾಣ್ಯ ಹಾಕತೊಡಗಿದವು. 1851ರಲ್ಲಿ ಸರ್ಕಾರದ ಚಿನ್ನ ಪರೀಕ್ಷಕ ಅಗಸ್ಟಸ್ ಹಂಬರ್ಟ್ ಬಂದು ಐವತ್ತು ಡಾಲರಿನ ಎಂಟು ಮೂಲೆಯ ಬಿಲ್ಲೆ ಹೊರಡಿಸಿದ. ಒಂದೊಂದೂ 80 ಗ್ರಾಂಗಿಂತ ಜಾಸ್ತಿ. ಜೇಬಿನಲ್ಲಿಟ್ಟರೆ ಪ್ಯಾಂಟು ಜಾರುವಷ್ಟು! ಅದನ್ನು ಹಿಡಿದುಕೊಂಡು ಹೋಗಿ ಒಂದು ಬ್ರೆಡ್ಡು ಕೊಡಿ ಅಂದರೆ ಅಂಗಡಿಯವನ ಮುಖ ಹೇಗಾಗಬೇಡ. ಅದೇ ಹೊತ್ತಿಗೆ ಬೆಳ್ಳಿ ನಾಣ್ಯ ದೇಶದಲ್ಲೆಲ್ಲ ಮಾಯವಾಗುತ್ತಿತ್ತು. ಚಿನ್ನ ಹೊಳೆಯಂತೆ ಹರಿದು ಬಂದಿದ್ದಕ್ಕೆ ಅದರ ಎದುರು ಬೆಳ್ಳಿಯ ಬೆಲೆ ಏರಿತ್ತು. ಬೆಳ್ಳಿ ನಾಣ್ಯದ ಮುಖಬೆಲೆಗಿಂತ ಅದರೊಳಗಿನ ಬೆಳ್ಳಿಯೇ ಜಾಸ್ತಿ ಬಾಳುತ್ತಿತ್ತು. ಜನ ಕೂಡಿಟ್ಟರು, ಕರಗಿಸಿದರು, ಹೊರದೇಶಕ್ಕೆ ಕಳಿಸಿದರು. 1853ರ ಫೆಬ್ರವರಿಯಲ್ಲಿ ಸರ್ಕಾರ ಸಣ್ಣ ಬೆಳ್ಳಿ ನಾಣ್ಯಗಳ ತೂಕ ಇಳಿಸುವವರೆಗೂ ಇದು ನಿಲ್ಲಲಿಲ್ಲ.

ಕೊನೆಗೆ ಹೇಗಾಯಿತು ಅಂದರೆ, ಲೋಕಕ್ಕೆಲ್ಲ ಚಿನ್ನ ಕಳಿಸುತ್ತಿದ್ದ ಊರಿನಲ್ಲಿ ನಾಲ್ಕಾಣೆ ಹುಟ್ಟುತ್ತಿರಲಿಲ್ಲ.

ನೂರಕ್ಕೆ ತೊಂಬತ್ತೈದು

ಅಪ್ಪನಿಗೆ ಇದನ್ನೆಲ್ಲ ನಾನು ಬಿಡಿಸಿ ಹೇಳಬೇಕಾಗಲೇ ಇಲ್ಲ. ಚಿಲ್ಲರೆ ಅನ್ನುವ ಒಂದು ಪದ ಸಾಕಾಯಿತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಒಂದು ದೃಶ್ಯ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೇಸಿಗೆ ರಜೆ. ಅಪ್ಪ ಬೆಳಗಿನ ಪಾಳಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಸ್ ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಒಬ್ಬ ಅಜ್ಜ ಕೂರುತ್ತಿದ್ದ. ಭಿಕ್ಷೆ ಬೇಡುವವನು. ಅಪ್ಪ ಖಾಕಿ ಅಂಗಿಯಲ್ಲೇ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಅಜ್ಜ ಹರಿದ ಚೀಲದ ಬಾಯಿ ಬಿಚ್ಚಿ, ಎದುರಿಗೆ ಒಂದು ಟವೆಲ್ ಹಾಸಿ, ನಾಣ್ಯ ಸುರಿದ. ಆಮೇಲೆ ಎಣಿಸತೊಡಗಿದ. ನಾಲ್ಕು ನಾಲ್ಕಾಣೆ ಒಂದರ ಮೇಲೊಂದು, ಒಂದು ರೂಪಾಯಿ. ಎರಡು ಎಂಟಾಣೆ, ಇನ್ನೊಂದು ರೂಪಾಯಿ. ಆ ಪುಟ್ಟ ಪುಟ್ಟ ಕಂಬಗಳು ಟವೆಲ್ ಮೇಲೆ ಸಾಲಾಗಿ ನಿಂತವು. ಅಜ್ಜನ ಬೆರಳಿನ ಓಟ ನೋಡಬೇಕಿತ್ತು. ತಪ್ಪು ಅನ್ನುವುದೇ ಇಲ್ಲ. ಹತ್ತು ಕಂಬಕ್ಕೊಮ್ಮೆ ಬೆನ್ನು ನೆಟ್ಟಗೆ ಮಾಡುತ್ತಿದ್ದ. ತೊಂಬತ್ತೈದು ಕಂಬ ಆದ ಮೇಲೆ ಕೈ ತೆಗೆದ. ಅಪ್ಪ ನೂರರ ನೋಟು ಕೊಟ್ಟರು. ಚಿಲ್ಲರೆ ಎಲ್ಲ ಚರ್ಮದ ಬ್ಯಾಗಿಗೆ ಸುರಿದುಕೊಂಡು ಎದ್ದರು.

ನನಗೆ ಮೈಯೆಲ್ಲ ಉರಿ. ಐದು ರೂಪಾಯಿ ಅಂದರೆ ಆಗ ನನಗೆ ಎಷ್ಟೋ ದಿನದ ಪೆಪ್ಪರ್‌ಮೆಂಟು. "ಐದು ರೂಪಾಯಿ ಕಮ್ಮಿ ಕೊಟ್ಟ ಅಪ್ಪ," ಅಂದೆ. "ಅವನು ಬೆಳಗ್ಗಿಂದ ರಾತ್ರಿ ತನಕ ಕೂತು ಕೂಡಿಸಿರ್ತಾನಲ್ಲ, ಅದಕ್ಕೆ," ಅಂದರು ಅಪ್ಪ. ಆ ಐದು ರೂಪಾಯಿ ಹೋಗುತ್ತಿದ್ದದ್ದು ಅವರ ಸ್ವಂತ ಜೇಬಿನಿಂದ. ಬ್ಯಾಗಿನ ದುಡ್ಡು ಟಿಕೆಟ್ ಲೆಕ್ಕಕ್ಕೆ ಸರಿಯಾಗಿ ತಾಳೆಯಾಗಬೇಕು. ಕಡಿಮೆ ಬಂದರೂ ತಪ್ಪು, ಜಾಸ್ತಿ ಬಂದರೂ ತಪ್ಪು. ಚಿಲ್ಲರೆ ಇಲ್ಲದೆ ಬಸ್ ಹತ್ತಿದರೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಟಿಕೆಟ್ ಹಿಂದೆ ಬಾಕಿ ಬರೆದು ಕೊಡಬೇಕು. ಇಳಿಯುವಾಗ ಕೇಳುವವರು ಅರ್ಧ ಜನ, ಮರೆತು ಇಳಿದು ಹೋಗಿ ಆಮೇಲೆ ಕಂಡಕ್ಟರನನ್ನು ಬೈಯುವವರು ಇನ್ನರ್ಧ ಜನ. ದಿನವೂ ಐವತ್ತು ಜನರ ಹತ್ತಿರ ಬೈಸಿಕೊಳ್ಳುವುದಕ್ಕಿಂತ ಐದು ರೂಪಾಯಿ ಕಳೆದುಕೊಳ್ಳುವುದು ವಾಸಿ ಅನ್ನುವುದು ಅವರ ಲೆಕ್ಕ.

ಕಮಿಷನ್ನು ಅಂತ ಅವರು ಅಂದಿದ್ದು ಇದನ್ನೇ. ಅವರ ಪ್ರಕಾರ ಚಿಲ್ಲರೆಗೇ ಒಂದು ಬೆಲೆ ಇದೆ, ಅದರ ಲೋಹಕ್ಕೂ ಮುಖಬೆಲೆಗೂ ಹೊರತಾಗಿ. ನಾಲ್ಕು ನಾಲ್ಕಾಣೆಯ ಗುಂಪು ಒಂದು ರೂಪಾಯಿ ನೋಟಿಗಿಂತ ಜಾಸ್ತಿ ಬಾಳುತ್ತದೆ. ಯಾಕೆಂದರೆ ಅದು ಒಡೆದಿದೆ. ಒಡೆದು ಕೊಟ್ಟವನಿಗೆ ಕೂಲಿ ಸಿಗಬೇಕು.

ಅಕ್ಕಸಾಲಿಗರ ಅಚ್ಚು

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಡೆದು ಕೊಟ್ಟವರು ಒಡವೆ ಕೆಲಸದವರು. ಬಹಳಷ್ಟು ಜನ ಫ್ರೆಂಚರು. ನುವಿಜಿಲೆ, ಡೆರಿಬರ್ಪ್, ಫ್ರಾಂಟಿಯೆ, ಗೈಮ್-ಗಿಯ್ಮೊ ಇಂಥ ಹೆಸರುಗಳು. 1852ರಿಂದ ಶುರು. ಕಾಲು ಡಾಲರ್, ಅರ್ಧ ಡಾಲರ್, ಒಂದು ಡಾಲರ್, ಇವು ಮೂರೇ ಬಗೆ. ಕೆಲವು ದುಂಡಗೆ, ಕೆಲವು ಎಂಟು ಮೂಲೆ. ಕೆಲವರು ತಮ್ಮ ಹೆಸರಿನ ಒಂದೆರಡು ಅಕ್ಷರವನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಮೂಲೆಯಲ್ಲಿ ಕೆತ್ತಿದ್ದಾರೆ. ಎನ್, ಎಫ್‌ಡಿ, ಜಿಜಿ. ಒಬ್ಬ ಡೆರಿ ಅಂತಲೇ ಬರೆದುಕೊಂಡ. 1853ರ ಒಂದು ಅರ್ಧ ಡಾಲರಿನ ಮೇಲೆ ಒಂದು ಹದ್ದಿದೆ. ಪಾಪ, ಕೆತ್ತಿದವನು ಹದ್ದು ಅಂತಲೇ ಕೆತ್ತಿದ್ದಾನೆ. ನೋಡಿದವರಿಗೆ ಅದು ನವಿಲಿನ ಹಾಗೆ ಕಂಡಿತು. ಈಗ ಸಂಗ್ರಾಹಕರ ಪಟ್ಟಿಗಳಲ್ಲೆಲ್ಲ ಅದು ನವಿಲೇ. ಕೈಕೆಲಸದ ಈ ಎಡವಟ್ಟು ನನಗೆ ತುಂಬ ಇಷ್ಟ. ಸರ್ಕಾರಿ ಟಂಕಸಾಲೆಯ ಹದ್ದುಗಳೆಲ್ಲ ಒಂದೇ ಅಚ್ಚಿನವು, ನೋಡಲು ಬೇಜಾರು.

ಈಗ ತೂಕಕ್ಕೆ ಬರೋಣ. ಅಮೆರಿಕ ಸರ್ಕಾರದ ಒಂದು ಡಾಲರ್ ಚಿನ್ನದ ನಾಣ್ಯ 1.672 ಗ್ರಾಂ. ಅದರ ಕಾಲು ಭಾಗ 0.418 ಗ್ರಾಂ. ನನ್ನ ನಾಲ್ಕಾಣೆಯನ್ನು ಪುಟ್ಟ ಡಿಜಿಟಲ್ ತಕ್ಕಡಿಯ ಮೇಲೆ ಮೂರು ಸಲ ಇಟ್ಟು ನೋಡಿದ್ದೇನೆ, ಮೂರು ಸಲವೂ 0.25. ಚಿನ್ನದ ಗುಣ ಒಂದೇ ಅಂತ ಇಟ್ಟುಕೊಂಡರೂ ನೂರಕ್ಕೆ ನಲವತ್ತು ಕಮ್ಮಿ. ಎಲ್ಲವೂ ಇಷ್ಟು ಹಗುರವಲ್ಲ. ಮೊದಲ ವರ್ಷಗಳ ಕೆಲವು ಅರ್ಧ ಡಾಲರುಗಳು ಇದಕ್ಕಿಂತ ವಾಸಿ. ಆಮೇಲಿನವು ಇನ್ನೂ ತೆಳ್ಳಗಾಗುತ್ತಾ ಹೋದವು.

ನನಗೆ ಬಿಡಿಸಲಾಗದ ಗಂಟು ಇಲ್ಲೇ ಇರುವುದು. 1851ರಲ್ಲಿ ಅದೇ ಊರಿನಲ್ಲಿ ಬಾಲ್ಡ್ವಿನ್ ಅನ್ನುವ ಖಾಸಗಿ ಕಂಪನಿಯ ಹತ್ತು, ಇಪ್ಪತ್ತು ಡಾಲರಿನ ನಾಣ್ಯಗಳು ಎಲ್ಲೆಡೆ ಓಡುತ್ತಿದ್ದವು. ಜೇಮ್ಸ್ ಕಿಂಗ್ ಅನ್ನುವ ಬ್ಯಾಂಕಿನವನು ಅವನ್ನು ಹಂಬರ್ಟ್ ಹತ್ತಿರ ಪರೀಕ್ಷೆಗೆ ಕಳಿಸಿದ. ಸುಮಾರು ನೂರಕ್ಕೆ ಮೂರರಷ್ಟು ಚಿನ್ನ ಕಮ್ಮಿ ಅಂತ ಬಂತು. ಬರೀ ಮೂರು! ಪೇಪರಿನಲ್ಲಿ ಬಂತು, ಗಲಾಟೆಯಾಯಿತು, ಆ ನಾಣ್ಯ ಮುಟ್ಟುವವರಿಲ್ಲದಂತಾಯಿತು. ಕಂಪನಿಯವರು ಅಂಗಡಿ ಮುಚ್ಚಿ ಊರು ಬಿಟ್ಟರು. ಇದಾಗಿ ಒಂದೇ ವರ್ಷಕ್ಕೆ ಅದೇ ಜನ, ಇಷ್ಟೊಂದು ಕೊರತೆಯ ಚೂರು ಚಿನ್ನವನ್ನು ಕೈ ಚಾಚಿ ತೆಗೆದುಕೊಂಡರು. ಇದೆಂಥ ನ್ಯಾಯ?

ಅಪ್ಪನ ಮುಂದೆ ಈ ವಾದ ಇಟ್ಟೆ. "ನಿಮ್ಮ ಮೆಟ್ಟಿಲ ಮೇಲಿನ ಅಜ್ಜ ತೊಂಬತ್ತೈದು ಕೊಡುವಾಗ ತೊಂಬತ್ತೈದು ಅಂತ ಹೇಳಿಯೇ ಕೊಟ್ಟ ಅಪ್ಪ. ಇವರು ಹಾಗಲ್ಲ. ಹದಿನೈದು ಸೆಂಟಿನ ಚಿನ್ನದ ಮೇಲೆ ಕಾಲು ಡಾಲರ್ ಅಂತ ಬರೆದು ಕೊಟ್ಟರು," ಅಂದೆ. ಗೆದ್ದೆ ಅಂದುಕೊಂಡೆ.

"ಆ ಊರಲ್ಲಿ ತಕ್ಕಡಿ ಇಲ್ದಿರೋ ಅಂಗಡಿ ಒಂದಾದ್ರೂ ಇತ್ತೇನೋ?" ಅಂತ ಕೇಳಿದರು ಅಪ್ಪ.

ಇರಲಿಲ್ಲ. ನಾನೇ ಅವರಿಗೆ ಹೇಳಿದ್ದೆ, ಪುಡಿಯಲ್ಲೇ ವ್ಯಾಪಾರ, ಹೋಟೆಲಿನಿಂದ ಹೆಂಡದಂಗಡಿ ತನಕ ಪ್ರತಿ ಕಟ್ಟೆಯ ಮೇಲೂ ಚಿನ್ನ ತೂಗುವ ತಕ್ಕಡಿ ಅಂತ. ಅಂಥ ಊರಿನಲ್ಲಿ ತೂಕದ ವಿಷಯದಲ್ಲಿ ಯಾರನ್ನು ಮೋಸ ಮಾಡಲು ಸಾಧ್ಯ? ಬೇಕಿದ್ದವರು ಒಂದು ಗಳಿಗೆಯಲ್ಲಿ ತೂಗಿ ನೋಡಬಹುದಿತ್ತು. ತೂಗಿಯೂ ಇರಬಹುದು. ತೂಗಿದ ಮೇಲೂ ತೆಗೆದುಕೊಂಡರು ಅಂತ ಒಪ್ಪಿಕೊಳ್ಳಬೇಕಾಗುತ್ತದೆ.

ಯಾಕೆ ಅಂತ ಯೋಚಿಸುತ್ತಾ ಈಗ ನನಗೆ ಅನಿಸುವುದು ಹೀಗೆ. ಇಪ್ಪತ್ತು ಡಾಲರಿನ ನಾಣ್ಯ ಮನೆಯಲ್ಲಿ ಕೂರುವ ದುಡ್ಡು. ಹಾಸಿಗೆ ಕೆಳಗೆ ಇಡುತ್ತೀರಿ, ಊರಿಗೆ ಹೆಂಡತಿಗೆ ಕಳಿಸುತ್ತೀರಿ. ಅದರೊಳಗಿನ ಚಿನ್ನವೇ ನಿಮ್ಮ ಆಸ್ತಿ, ಅದರಲ್ಲಿ ಒಂದು ಗುಲಗಂಜಿ ಕಮ್ಮಿಯಾದರೂ ಕರುಳು ಚುರ್ ಅನ್ನುತ್ತದೆ. ನಾಲ್ಕಾಣೆ ಓಡುವ ದುಡ್ಡು. ಬೆಳಗ್ಗೆ ಬಂತು, ಮಧ್ಯಾಹ್ನ ಹೋಯಿತು. ಮುಂದಿನವನು ಕಾಲು ಡಾಲರ್ ಅಂತ ತೆಗೆದುಕೊಳ್ಳುತ್ತಾನೆ ಅನ್ನುವುದು ಗೊತ್ತಿದ್ದರೆ ಸಾಕು, ಒಳಗೇನಿದೆ ಅಂತ ಯಾರು ಕೆದಕುತ್ತಾರೆ? ಪುಡಿಯಲ್ಲಿ ಕೊಟ್ಟರೆ ಚಿಟಿಕೆಯಲ್ಲಿ ಹೋಗುವ ನಷ್ಟ ಇದಕ್ಕಿಂತ ಜಾಸ್ತಿ ಇರುತ್ತಿತ್ತೇನೋ. ಅಲ್ಲಿ ಬಿಟ್ ಅನ್ನುವ ಇನ್ನೊಂದು ಲೆಕ್ಕವೂ ನಡೆಯುತ್ತಿತ್ತು. ಡಾಲರಿನ ಎಂಟನೇ ಒಂದು ಭಾಗ, ಹನ್ನೆರಡೂವರೆ ಸೆಂಟ್, ಥೇಟ್ ನಮ್ಮ ಎರಡಾಣೆ. ಎರಡು ಬಿಟ್ ಅಂದರೆ ಕಾಲು ಡಾಲರ್. ಅಪ್ಪ ನಾಲ್ಕಾಣೆ ಅಂದಿದ್ದು ಸುಮ್ನೆ ತಮಾಷೆಗಲ್ಲ, ಲೆಕ್ಕಕ್ಕೂ ಸರಿಯಾಗಿಯೇ ಇದೆ. ಆದರೆ ಅಮೆರಿಕ ಸರ್ಕಾರದ ಹನ್ನೆರಡೂವರೆ ಸೆಂಟಿನ ನಾಣ್ಯ ಅಂತ ಇರಲೇ ಇಲ್ಲ. ಹತ್ತು ಸೆಂಟ್ ಇದ್ದವನು ಹತ್ತು ಕೊಟ್ಟು ಒಂದು ಬಿಟ್ ಆಯಿತು ಅನ್ನುತ್ತಿದ್ದ. ಕಾಲು ಡಾಲರ್ ಕೊಟ್ಟವನಿಗೆ ಹತ್ತು ವಾಪಸ್ ಬರುತ್ತಿತ್ತು, ಅಂದರೆ ಅವನಿಗೆ ಅದೇ ಬಿಟ್ ಹದಿನೈದಕ್ಕೆ ಬಿತ್ತು. ಹತ್ತರದ್ದು ಗಿಡ್ಡ ಬಿಟ್, ಹದಿನೈದರದ್ದು ಉದ್ದ ಬಿಟ್ ಅಂತ ಹೆಸರೂ ಇಟ್ಟುಕೊಂಡಿದ್ದರು. ಪಶ್ಚಿಮದ ಕಡೆ ಎಷ್ಟೋ ವರ್ಷ ಹೀಗೇ ನಡೆಯಿತು. ಬ್ರೆಡ್ಡಿನಷ್ಟೇ ಸಹಜವಾಗಿ ಕೊರತೆಯನ್ನೂ ನುಂಗಿಕೊಂಡು ಬದುಕಿದ ಜನ ಅವರು.

ಅಜ್ಜಿಯ ಒಂದು ಹಣ

ಈ ಚೂರು ಚಿನ್ನದ ಹುಚ್ಚು ನನಗೆ ಎಲ್ಲಿಂದ ಹತ್ತಿತು ಅಂತ ಗೆಳೆಯರು ಕೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಇರುವುದರಿಂದ ಅಂತ ಹೇಳಿ ಮುಗಿಸುತ್ತೇನೆ. ನಿಜ ಹೇಳಬೇಕೆಂದರೆ ಅದು ಶುರುವಾದದ್ದು ಅಜ್ಜಿಯ ಕುಂಕುಮದ ಭರಣಿಯಿಂದ. ಅದರ ತಳದಲ್ಲಿ ಹತ್ತಿಯಲ್ಲಿ ಸುತ್ತಿದ ಒಂದು ಹಳೆಯ ಚಿನ್ನದ ಹಣ ಇತ್ತು. ಕಂಠೀರಾಯಿ ಹಣ ಅನ್ನುತ್ತಿದ್ದರು. ಮೈಸೂರಿನ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದರಲ್ಲ, ಅವರ ಹೆಸರಿನದ್ದು. ಮೇಲೆ ನರಸಿಂಹ ಅಂತೆ, ನನಗೆ ಮಾತ್ರ ಬರೀ ಚುಕ್ಕೆ ಕಾಣುತ್ತಿತ್ತು. ಕಾಳುಮೆಣಸನ್ನು ಚಪ್ಪಟೆ ಮಾಡಿದರೆ ಎಷ್ಟಾಗುತ್ತದೋ ಅಷ್ಟಿತ್ತು. ವರ್ಷಕ್ಕೊಮ್ಮೆ ದೀಪಾವಳಿ ಲಕ್ಷ್ಮೀ ಪೂಜೆಗೆ ಹೊರಗೆ ಬರುತ್ತಿತ್ತು. ಒಂದು ವರ್ಷ ಅರಿಶಿನದ ನೀರಿನಲ್ಲಿ ತೊಳೆಯುವಾಗ ಅಜ್ಜಿಯ ಬೆರಳಿನಿಂದ ಜಾರಿತು. "ಯಾರೂ ಅಲ್ಲಾಡಬೇಡಿ! ಕಸ ಗುಡಿಸಬೇಡಿ!" ಅಂತ ಅಜ್ಜಿ ಕೂಗಿದ್ದು ಬೀದಿಗೆ ಕೇಳಿಸಿತು. ನಾವು ಹನ್ನೊಂದು ಜನ ಮಂಡಿಯೂರಿ ನೆಲದ ಮೇಲೆ ಕೆನ್ನೆ ಇಟ್ಟು ಹುಡುಕಿದೆವು. ಅಂಗಳದ ನೀರು ಹೋಗುವ ಬಚ್ಚಲಿಗೆ ಬಟ್ಟೆ ತುರುಕಿದ್ದಾಯಿತು. ಪೂಜೆ ಎರಡು ಗಂಟೆ ತಡವಾಯಿತು. ಸಿಕ್ಕಿದ್ದು ಎಲ್ಲಿ ಅಂದರೆ ಅಜ್ಜಿಯ ಅಂಗಾಲಿನಲ್ಲೇ, ಅರಿಶಿನಕ್ಕೆ ಅಂಟಿಕೊಂಡು ಕೂತಿತ್ತು.

ಹತ್ತು ಹಣಕ್ಕೆ ಒಂದು ವರಹ. ಒಂದು ಹಣ ಅಂದರೆ ಗ್ರಾಮಿನ ಮೂರನೇ ಒಂದು ಭಾಗದ ಆಸುಪಾಸು ಚಿನ್ನ. ನಾವು ದಿನಾ ನೂರು ಸಲ ಆಡುವ ಹಣ ಅನ್ನುವ ಪದ ಈ ಚೂರಿನದ್ದು. ಹಣ ಅಂದರೆ ಹೆಣವೂ ಬಾಯಿ ಬಿಡುತ್ತೆ ಅಂತ ಗಾದೆ ಹೇಳುವಾಗ ಎಷ್ಟು ಜನಕ್ಕೆ ಆ ಹಣ ಇಷ್ಟು ಪುಟ್ಟದು ಅಂತ ಗೊತ್ತಿದೆ? ನಮ್ಮಲ್ಲಿ ಅರಸರು ಹೊರಡಿಸಿದ್ದನ್ನೇ ಕ್ಯಾಲಿಫೋರ್ನಿಯಾದಲ್ಲಿ ಫ್ರೆಂಚ್ ಅಕ್ಕಸಾಲಿಗರು ಹೊರಡಿಸಿದರು. ಗಾತ್ರದಲ್ಲಿ ಅಣ್ಣತಮ್ಮಂದಿರು. ಇಷ್ಟು ಸಣ್ಣದನ್ನು ಎಣಿಸುವುದೇ ದೊಡ್ಡ ತಲೆನೋವು. ತಿರುವಾಂಕೂರಿನಲ್ಲಿ ಚಕ್ರ ಅನ್ನುವ ಪುಟಾಣಿ ಬೆಳ್ಳಿ ನಾಣ್ಯ ಎಣಿಸಲು ಸಾಲಾಗಿ ಕುಳಿ ಕೊರೆದ ಮರದ ಹಲಗೆ ಇಟ್ಟುಕೊಂಡಿದ್ದರು. ಒಂದು ಹಿಡಿ ನಾಣ್ಯ ಸುರಿದು ಅಲ್ಲಾಡಿಸಿದರೆ ಒಂದೊಂದು ಕುಳಿಗೆ ಒಂದೊಂದು ಕೂರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದವರಿಗೆ ಇದು ಗೊತ್ತಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಅಪ್ಪನಿಗೂ ಸಹ.

ಕರಡಿ

ಅಪ್ಪನ ಕಮಿಷನ್ ಮಾತನ್ನು ಪೂರ್ತಿ ಒಪ್ಪಲು ಆಗದ್ದಕ್ಕೆ ಒಂದು ಕಾರಣ ಇದೆ. ಆ ಕಾರಣಕ್ಕೆ ನಾನು 60 ಡಾಲರ್ ಕೊಟ್ಟಿದ್ದೇನೆ.

ನಾನು ಕೊಂಡ ಮೊದಲನೇ ಚೂರು ಆನ್‌ಲೈನಿನಲ್ಲಿ ಸಿಕ್ಕಿದ್ದು. 1852, ದುಂಡಗೆ, ಒಂದು ಬದಿ ತಲೆ, ಇನ್ನೊಂದು ಬದಿ ಒಂದು ಮುದ್ದಾದ ಕರಡಿ. ಕ್ಯಾಲಿಫೋರ್ನಿಯಾ ಗೋಲ್ಡ್ ಅಂತ ಬರಹ, ½ ಅನ್ನುವ ಅಂಕಿ. ಕರಡಿ ಕ್ಯಾಲಿಫೋರ್ನಿಯಾದ ಬಾವುಟದಲ್ಲೇ ಇದೆಯಲ್ಲ, ಇದಕ್ಕಿಂತ ಅಸಲಿ ಇನ್ನೇನು ಬೇಕು ಅಂದುಕೊಂಡೆ. ಆರು ತಿಂಗಳು ಕಂಡಕಂಡವರಿಗೆಲ್ಲ ತೋರಿಸಿದೆ. ಕೊನೆಗೊಂದು ಶನಿವಾರ ನಾಣ್ಯ ಮೇಳಕ್ಕೆ ತೆಗೆದುಕೊಂಡು ಹೋದೆ. ಅಲ್ಲಿ ಬಿಳಿ ಗಡ್ಡದ ವ್ಯಾಪಾರಿಯೊಬ್ಬರು ಅದನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ದೂರದಿಂದಲೇ ನೋಡಿ, "ಅರ್ಧ ಅಂತ ಬರೆದಿದೆ. ಏನರ್ಧ ಅಂತ ಬರೆದಿದೆಯಾ?" ಅಂತ ಕೇಳಿದರು.

ಬರೆದಿರಲಿಲ್ಲ. ಡಾಲರ್ ಅನ್ನುವ ಪದ ಎಲ್ಲೂ ಇರಲಿಲ್ಲ. ಸೆಂಟ್ ಅಂತಲೂ ಇಲ್ಲ. ಬರೀ ಅರ್ಧ. ಅಸಲಿ ಚೂರಿನಲ್ಲಿ ಡಾಲರ್ ಅಂತಲೋ, ಡಾಲ್ ಅಂತಲೋ, ಸೆಂಟ್ಸ್ ಅಂತಲೋ ಇರುತ್ತದೆ. ಬೆಲೆ ಬರೆಯದೆ ಹಿಂದೆ ಕರಡಿ ಕೂರಿಸಿದ ಇಂಥವು ಬಹುಪಾಲು ಆಮೇಲಿನ ಕಾಲದ ಟೋಕನ್ನು. ನೆನಪಿಗೆ ಅಂತ ಮಾರಿದ್ದು. ಎಷ್ಟೋ ಬರೀ ಹಿತ್ತಾಳೆಗೆ ಚಿನ್ನದ ನೀರು. ನನ್ನದೂ ಅದೇ.

ಮನೆಗೆ ಬಂದು ಇದರ ಹಿಂದು ಮುಂದು ಓದಿದೆ. 1864ರ ಜೂನ್ 8ರಂದು ಅಮೆರಿಕದ ಕಾಂಗ್ರೆಸ್ ಖಾಸಗಿಯವರು ಚಲಾವಣೆಗೆ ನಾಣ್ಯ ಹಾಕುವುದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಅದರ ಅಗತ್ಯವೂ ಕಡಿಮೆಯಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1854ರಿಂದಲೇ ಸರ್ಕಾರಿ ಟಂಕಸಾಲೆ ನಡೆಯುತ್ತಿತ್ತು. ಆದರೂ ಒಡವೆ ಅಂಗಡಿಯವರು ಬಿಡಲಿಲ್ಲ. ಪ್ರವಾಸಕ್ಕೆ ಬಂದವರು, ಪೂರ್ವದ ನೆಂಟರಿಗೆ ಉಡುಗೊರೆ ಕಳಿಸುವವರು ಕೇಳುತ್ತಿದ್ದರು. ಕೆಲವರು ರಾಜಾರೋಷವಾಗಿ 1870ರ ದಶಕದ ಇಸವಿ ಹಾಕಿಯೇ ಮಾಡಿದರು. ಇನ್ನು ಕೆಲವರು ಜಾಣರು, ಕಾನೂನಿಗಿಂತ ಹಿಂದಿನ ಇಸವಿ ಕೆತ್ತಿದರು. ಖೋಟಾ ನಾಣ್ಯ ಹಿಡಿಯುವ ಸರ್ಕಾರಿ ದಳ ಸೀಕ್ರೆಟ್ ಸರ್ವಿಸ್‌ನವರು ಬೆನ್ನು ಹತ್ತಿ ಇದನ್ನು ನಿಲ್ಲಿಸಿದ್ದು 1880ರ ದಶಕದ ಮೊದಲ ವರ್ಷಗಳಲ್ಲಿ. ಆಮೇಲೆ ಡಾಲರ್ ಅನ್ನುವ ಪದ ಬಿಟ್ಟರೆ ನಾಣ್ಯ ಅನ್ನಿಸಿಕೊಳ್ಳುವುದಿಲ್ಲ ಅಂತ ಕಂಡುಕೊಂಡವರು ಬೆಲೆ ಇಲ್ಲದ ಬಿಲ್ಲೆಗಳನ್ನು ಹಾಕುತ್ತಾ ಹೋದರು. ನನ್ನ ಕರಡಿ ಆ ಸಂತಾನದ್ದು.

ಹಾಗಾದರೆ ಕಮಿಷನ್ನು ಎಲ್ಲಿಗೆ ಮುಗಿಯಿತು, ಮೋಸ ಎಲ್ಲಿಂದ ಶುರುವಾಯಿತು? 1853ರಲ್ಲಿ ಚಿಲ್ಲರೆ ಇಲ್ಲದ ಊರಿಗೆ ಹಗುರ ನಾಲ್ಕಾಣೆ ಕೊಟ್ಟವನಿಗೆ ಅಪ್ಪನ ಮಾತು ಒಪ್ಪುತ್ತದೆ. ಚಿಲ್ಲರೆ ಬೇಕಾದಷ್ಟು ಇರುವಾಗ, ಹಳೆಯ ಇಸವಿ ಕೆತ್ತಿ, ಇನ್ನೂ ತೆಳ್ಳಗೆ ಮಾಡಿ ಮಾರಿದವನಿಗೆ ಒಪ್ಪುವುದಿಲ್ಲ. ಅವನು ಯಾರಿಗೂ ಏನನ್ನೂ ಒಡೆದು ಕೊಡುತ್ತಿರಲಿಲ್ಲ. ತಮಾಷೆ ಏನೆಂದರೆ ಇವತ್ತಿನ ಮಾರುಕಟ್ಟೆ ಇವರಿಬ್ಬರನ್ನೂ ಕೂರಿಸುವುದು ಒಂದೇ ಪಂಕ್ತಿಯಲ್ಲಿ. ಡಾಲರ್ ಅಂತ ಬರೆದಿದ್ದರೆ ಸಾಕು, 1870ರ ದಶಕದ್ದಕ್ಕೂ ಕೆಲವು ನೂರು ಡಾಲರ್ ಬರುತ್ತದೆ. ನನ್ನ ಡಬ್ಬಿಯಲ್ಲೇ ಅಂಥವು ಮೂರಿವೆ. ಅವನ್ನು ನೋಡುವಾಗೆಲ್ಲ ಸ್ವಲ್ಪ ಇರುಸುಮುರುಸು. ಕೊಂಡಿದ್ದಂತೂ ನಾನೇ, ಯಾರೂ ಕೈ ತಿರುಚಿ ಕೊಡಿಸಿಲ್ಲ.

ಬಾಕಿ

ಅಪ್ಪ ಊರಿಗೆ ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತೂಗುತ್ತಾ ಕೂತಿದ್ದೆವು. ಒಂದೊಂದು ಪೆಟ್ಟಿಗೆ 23 ಕಿಲೋ ಮೀರಬಾರದು. ನಿಮಗೆ ಏನಾದರೂ ನೆನಪಿಗೆ ಕೊಡಲಾ ಅಂತ ನಾನು ಕೇಳಿದ್ದಕ್ಕೆ, "ಆ ಕರಡಿ ಕೊಡು," ಅಂದರು.

"ಅದು ಡೂಪ್ಲಿಕೇಟ್ ಅಪ್ಪ. ಬೇಕಿದ್ರೆ ಒಳ್ಳೇದೇ ಒಂದು ತಗೊಂಡು ಹೋಗಿ."

"ಒಳ್ಳೇದು ನೀನಿಟ್ಕೋ. ಅದು ನನ್ನ ಡಬ್ಬಕ್ಕೆ ಆಗುತ್ತೆ."

ಆ ಡಬ್ಬ ನನಗೆ ಗೊತ್ತು. ಹಾರ್ಲಿಕ್ಸಿನದ್ದು, ದೇವರ ಮನೆಯ ಮೇಲಿನ ಅಟ್ಟದಲ್ಲಿದೆ. ತುಂಬ ನಾಲ್ಕಾಣೆ. ನಿವೃತ್ತಿಯಾಗುವ ತಿಂಗಳು ಯಾರದೋ ಹತ್ತಿರ ನೂರಕ್ಕೆ ತೊಂಬತ್ತೈದರ ಲೆಕ್ಕದಲ್ಲೇ ಕೊಂಡ ಚಿಲ್ಲರೆ, ಖರ್ಚಾಗದೆ ಉಳಿದದ್ದು. 2011ರ ಜೂನ್ 30ರಿಂದ ನಾಲ್ಕಾಣೆ ನಿಂತುಹೋಯಿತಲ್ಲ, ಅದಕ್ಕೆ ಮುಂಚೆ ಬ್ಯಾಂಕಿಗೆ ಕೊಟ್ಟು ಬಾ ಅಂತ ಅಮ್ಮ ಹತ್ತು ಸಲ ಹೇಳಿದ್ದಳು. ಅಪ್ಪ ಹೋಗಲಿಲ್ಲ. ಐವತ್ತು ರೂಪಾಯಿಗೆ ಯಾರು ಕ್ಯೂ ನಿಲ್ಲುತ್ತಾರೆ ಅಂತ ಬಾಯಲ್ಲಿ ಹೇಳಿದ್ದು. ಒಳಗೇನಿತ್ತೋ ಗೊತ್ತಿಲ್ಲ.

ಊರು ಮುಟ್ಟಿದ ಮೂರನೇ ದಿನ ವಿಡಿಯೋ ಕಾಲ್ ಮಾಡಿದರು. ಹಿಂದೆ ಅಮ್ಮ ಏನೋ ಒಗ್ಗರಣೆ ಹಾಕುತ್ತಿದ್ದ ಸದ್ದು. ಅಪ್ಪನ ಎದುರಿಗೆ ಟವೆಲ್ ಹಾಸಿತ್ತು. ಅದರ ಮೇಲೆ ನಾಲ್ಕು ನಾಲ್ಕರ ಕಂಬಗಳು ಸಾಲಾಗಿ ನಿಂತಿದ್ದವು. ಕೊನೆಯ ಕಂಬ ಮಾತ್ರ ಪೂರ್ತಿ ಇರಲಿಲ್ಲ. ಮೂರೇ ನಾಲ್ಕಾಣೆ. ಅಪ್ಪ ಕರಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಅದರ ಮೇಲೆ ಇಟ್ಟರು.

"ಇನ್ನೂರಾ ಹನ್ನೊಂದಿದ್ವು," ಅಂದರು. "ಈಗ ಇನ್ನೂರಾ ಹನ್ನೆರಡು. ಐವತ್ಮೂರು ರೂಪಾಯಿ, ಲೆಕ್ಕ ಸರಿಹೋಯ್ತು ನೋಡು."